ರೈಲು ಕೊಂಡೊಯ್ದ ಗಂಡ

ನಾನು ಸತ್ತು ಬಹಳ ವರ್ಷಗಳಾಗಿವೆ ಎಂಬ ಸಂಗತಿ ನನಗೆ ತಿಳಿದದ್ದು ಒಂದು ಗುರುವಾರ ಮಧ್ಯಾಹ್ನ, ಕೈಯಲ್ಲಿ ಸೇಬಿನ ಹೂರಣ ತುಂಬಿ ಬೇಯಿಸಿದ ಬಿಸಿ ಬಿಸಿ ಪೈ ಹಿಡಿದುಕೊಂಡು ನಿಂತಿದ್ದಾಗ. ಇಂಥ ಸುದ್ದಿಯನ್ನು ಮೊದಲು ಸಂಬಂಧಪಟ್ಟವನಿಗೆ ತಿಳಿಸುವುದು ಮರ್ಯಾದೆ. ನಮ್ಮೂರಿನವರು ಉಳಿದೆಲ್ಲ ವಿಷಯದಲ್ಲಿ ಬಹಳ ಮರ್ಯಾದಸ್ಥರು. ಇದೊಂದರಲ್ಲಿ ಮಾತ್ರ ನನ್ನನ್ನು ಮರೆತೇಬಿಟ್ಟಿದ್ದರು.

ನಮ್ಮೂರು ನೆದರ್ ಸ್ಟೋಕ್ಲಿ, ಎಂದರೆ ಕೆಳಗಿನ ಸ್ಟೋಕ್ಲಿ. (ಮೇಲಿನ ಸ್ಟೋಕ್ಲಿ ಎಲ್ಲಿದೆ ಎಂದು ನನ್ನನ್ನು ಕೇಳಬೇಡಿ. ಅದನ್ನು ವಿಚಾರಿಸುವಷ್ಟು ಹೊತ್ತು ನಾನು ಊರಿನಲ್ಲಿ ಇದ್ದವನೇ ಅಲ್ಲ.) ಲಂಡನ್ನಿನ ಒಂದು ವಿಮಾ ಕಚೇರಿಯಲ್ಲಿ ನನ್ನ ಕೆಲಸ. ಹಾಲಿನವನು ಬರುವ ಮೊದಲೇ ಮನೆ ಬಿಡುತ್ತಿದ್ದೆ. ಹಿಂದಿರುಗಿದಾಗ ನನ್ನ ಹೆಂಡತಿ ಹೆಸ್ಟರ್ ನನ್ನ ಊಟವನ್ನು ಒಲೆಯೊಳಗೆ ಮುಚ್ಚಿಟ್ಟು ಎಲ್ಲಿಗೋ ಹೊರಟುಹೋಗಿರುತ್ತಿದ್ದಳು. ಶನಿವಾರ ಮತ್ತು ಭಾನುವಾರ ವಾರದ ನಿದ್ದೆಯನ್ನೆಲ್ಲ ಒಟ್ಟಿಗೆ ಮುಗಿಸುತ್ತಿದ್ದೆ. ರೈಲು ನಿಲ್ದಾಣದಲ್ಲಿ ದಿನವೂ ನನ್ನ ಪಕ್ಕ ನಿಲ್ಲುತ್ತಿದ್ದವರ ಹೆಸರು ನನಗೆ ಗೊತ್ತಿಲ್ಲ, ಆದರೆ ಅವರ ಛತ್ರಿಗಳನ್ನು ಎಲ್ಲಿ ಕಂಡರೂ ಗುರುತು ಹಿಡಿಯಬಲ್ಲೆ.

ಈ ವಸಂತದಲ್ಲಿ ನಿವೃತ್ತನಾದೆ. ಮನೆಯಲ್ಲಿ ಕುಳಿತೆ. ಕುಳಿತದ್ದೇ ತಪ್ಪಾಯಿತು.

"ಲಯೊನೆಲ್, ಆ ಕುರ್ಚಿಯಿಂದ ಏಳ್ತೀಯಾ? ಇಸ್ತ್ರಿ ಮಾಡೋ ಬಟ್ಟೆ ಅಲ್ಲಿ ಇಡ್ತೀನಿ ನಾನು."

"ಹಾಗಾದ್ರೆ ನಾನೆಲ್ಲಿ ಕೂತ್ಕೊಳ್ಲಿ?"

"ಇಷ್ಟು ವರ್ಷ ಎಲ್ಲಿ ಕೂತ್ಕೋತಿದ್ದೆ?"

"ರೈಲಲ್ಲಿ."

ರೈಲು ಈಗಲೂ ಓಡುತ್ತಿದೆಯಲ್ಲ ಎಂಬ ಭಾವ ಅವಳ ಮುಖದ ಮೇಲೆ ಒಂದು ಕ್ಷಣ ಹಾದುಹೋಯಿತು.

ಹೀಗಿರುವಾಗ ಹೆಸ್ಟರ್ ಹೊಲದ ಬೇಲಿ ದಾಟುವ ಮರದ ಮೆಟ್ಟಿಲಿನಿಂದ ಜಾರಿ ಕಾಲು ಉಳುಕಿಸಿಕೊಂಡಳು. ಮರುದಿನವೇ ಗುರುವಾರ. ಗುರುವಾರ ಎಂದರೆ ಚರ್ಚಿನ ಸಭಾಂಗಣದಲ್ಲಿ ಊರಿನ ಒಂಟಿ ಹಿರಿಯರಿಗೆ ಊಟ. ಪೈ ಬೇಯಿಸುವುದು ಹೆಸ್ಟರ್. ಸಭಾಂಗಣಕ್ಕೆ ಬರಲಾಗದವರ ಮನೆಗೆ ಹೊತ್ತುಕೊಂಡು ಹೋಗಿ ಕೊಡುವುದೂ ಅವಳೇ. ನನ್ನ ತಲೆಯಲ್ಲಿ ಜ್ಯೋತಿ ಬೆಳಗಿತು.

"ನಾನು ಕೊಟ್ಟು ಬರ್ತೀನಿ!"

"ನೀನು ಬೇಡ," ಎಂದಳು ತಟ್ಟನೆ.

"ಯಾಕೆ? ಪೈ ಹೊರೋಕೂ ಬರಲ್ವಾ ನನಗೆ?"

ಅವಳು ಕಾಲು ನೋಡಿಕೊಂಡಳು, ಪೈ ನೋಡಿದಳು, ಕೊನೆಗೆ ನನ್ನನ್ನೂ ನೋಡಿದಳು. "ಸರಿ. ಬಾಗಿಲಲ್ಲೇ ಕೊಟ್ಟು ಬಂದ್ಬಿಡು. ಟ್ರಿಮ್ಲೆಟ್ ಅಜ್ಜಿ ಹತ್ರ ಏನೂ ಮಾತಾಡ್ಬೇಡ."

"ಏನೂ ಅಂದ್ರೆ?"

"ಏನೂ ಅಂದ್ರೆ ಏನೂ!"

ಅಜ್ಜಿಯ ಮಾತಿನ ಮಳೆಯಲ್ಲಿ ನಾನು ನೆನೆಯದಿರಲಿ ಎಂಬ ಪ್ರೀತಿಯಿಂದ ಹೀಗೆ ಹೇಳಿದಳು ಎಂದುಕೊಂಡೆ. ನನ್ನ ಬುದ್ಧಿ ಎಂದಿಗೂ ಹೀಗೆಯೇ, ಒಂದು ನಿಲ್ದಾಣ ತಡವಾಗಿ ಇಳಿಯುತ್ತದೆ.

ಟ್ರಿಮ್ಲೆಟ್ ಅಜ್ಜಿಗೆ ಮಂಡಿ ನೋವು, ನಾಲಿಗೆಗೆ ಯಾವ ನೋವೂ ಇಲ್ಲ. ಬಾಗಿಲನ್ನು ಮೂಗಿನಷ್ಟು ತೆರೆದು, "ಯಾರಪ್ಪಾ ನೀನು?" ಎಂದರು.

"ಹೆಸ್ಟರ್ ಮನೆಯಿಂದ ಬಂದೆ, ಅಜ್ಜಿ. ಅವಳ ಕಾಲು ಉಳುಕಿದೆ."

"ಅಯ್ಯೋ ಪಾಪ! ಗಂಡ ಹೋದ ಮೇಲೆ ಒಬ್ಬಳೇ ಅದೆಷ್ಟು ಅಂತ ಒದ್ದಾಡ್ತಾಳೆ."

"ಗಂಡ... ಎಲ್ಲಿಗೆ ಹೋದ?"

ಅಜ್ಜಿ ಬೆರಳು ಮೇಲೆ ತೋರಿಸಿದರು. ನಾನು ತಲೆಯೆತ್ತಿ ನೋಡಿದೆ. ಅಲ್ಲೊಂದು ಜೇಡರ ಬಲೆ ಇತ್ತು.

"ರೈಲು ಕೊಂಡೋಯ್ತಪ್ಪಾ. ಊರಿಗೆ ಬಂದ ಹೊಸದರಲ್ಲೇ. ಆಗಿನ ಪಾದ್ರಿಗಳ ಹೆಂಡತಿ ಹತ್ರ ಇವಳೇ ಬಾಯಿಬಿಟ್ಟು ಹೇಳಿದ್ದು. ಎಲ್ಲರೂ ಸೇರಿ ಪ್ರಾರ್ಥನೆ ಮಾಡಿದ್ವಿ. ನಾನಂತೂ ಅತ್ತೂ ಅತ್ತೂ ಸಾಕಾಯ್ತು."

"ನಿಮಗೆಲ್ಲ ತೊಂದರೆ ಕೊಟ್ಟೆ. ಕ್ಷಮಿಸಿ," ಎಂದೆ. (ಇಂಗ್ಲಿಷರಾದ ನಾವು ಏನೇ ಆದರೂ ಮೊದಲು ಕ್ಷಮೆ ಕೇಳುವ ಜನ. ಸತ್ತದ್ದಕ್ಕೂ ಕೇಳುತ್ತೇವೆಂದು ನನಗೆ ಆವತ್ತೇ ಗೊತ್ತಾದದ್ದು.)

"ನೀನ್ಯಾಕಪ್ಪಾ ಕ್ಷಮೆ ಕೇಳ್ತೀಯ? ನೀನು ಆ ಬಾಡಿಗೆಗೆ ಇರೋನು ತಾನೇ? ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರೋನು? ಬಾಡಿಗೆ ಸರಿಯಾಗಿ ಕೊಡ್ತೀಯಾ ಅವಳಿಗೆ?"

"ಸಂಬಳ ಪೂರ್ತಿ ಅವಳ ಕೈಗೇ ಕೊಡ್ತೀನಿ, ಅಜ್ಜಿ."

"ಒಳ್ಳೇ ಹುಡುಗ," ಎಂದು ಪೈ ಕಸಿದುಕೊಂಡು ಬಾಗಿಲು ಹಾಕಿದರು.

ಇನ್ನೊಂದು ಪೈ ವಿಲ್ಫ್ರೆಡ್ ಗ್ಯಾರಡ್ ಎಂಬವರಿಗೆ. ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು, ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ನೆಗಡಿಯೆಂದು ಆವತ್ತು ಊಟಕ್ಕೆ ಬಂದಿರಲಿಲ್ಲ, ಆದರೆ ಊರಾಚೆಯ ತಮ್ಮ ತರಕಾರಿ ಪಾತಿಯಲ್ಲಿ ಬೀನ್ಸ್ ಬಳ್ಳಿಗೆ ಕೋಲು ಕಟ್ಟುತ್ತಿದ್ದರು. ಆ ಬೀನ್ಸ್ ಕಂಡ ಕೂಡಲೇ ನನಗೆ ಪರಿಚಯದವರನ್ನು ಕಂಡಂತಾಯಿತು. ಬೇಸಿಗೆಯ ಪ್ರತಿ ಶನಿವಾರ ನಮ್ಮ ಹೊಸ್ತಿಲ ಮೇಲೆ ಇರುತ್ತಿದ್ದ ಬೀನ್ಸ್ ಇವೇ. ಅಂಗಡಿಯವನು ಇಟ್ಟುಹೋಗುತ್ತಾನೆಂದು ತಿಳಿದು ಇಷ್ಟು ವರ್ಷ ತಿಂದಿದ್ದೆ.

"ನೀವು ಹೆಸ್ಟರ್ ಅವರ ಮನೇಲಿ ಇರೋರು ಅಲ್ವಾ? ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದು ಬಕೆಟ್ ಬೋರಲು ಹಾಕಿ, ಅದರ ಮೇಲಿನ ಮಣ್ಣನ್ನು ತಮ್ಮ ಕರವಸ್ತ್ರದಿಂದಲೇ ಒರೆಸಿದರು. ನಾನು ಕುಳಿತೆ. ಅವರು ಪೈ ಮುಟ್ಟಲಿಲ್ಲ. ಟೋಪಿ ತೆಗೆದರು, ಹಾಕಿಕೊಂಡರು, ಮತ್ತೆ ತೆಗೆದರು.

"ಒಂದೇ ಸೂರಿನ ಕೆಳಗೆ ಇರೋರು ನೀವು, ಅದಕ್ಕೆ ಕೇಳ್ತೀನಿ. ತಪ್ಪು ತಿಳ್ಕೋಬೇಡಿ. ಹೆಸ್ಟರ್ ಅವರಿಗೆ ಇನ್ನೊಂದು ಮದುವೆ ಯೋಚನೆ ಏನಾದ್ರೂ..."

ಬಕೆಟ್ ನನ್ನ ಕೆಳಗೆ ಕಿರ್ರೆಂದಿತು. "ಇದ್ದಂಗೆ ಕಾಣಲ್ಲ," ಎಂದೆ.

"ಗಂಡನ್ನ ಇನ್ನೂ ಮರೆತಿಲ್ಲ ಅಂತ ಕಾಣುತ್ತೆ. ಒಳ್ಳೇ ಮನುಷ್ಯ ಇದ್ದಿರಬೇಕು."

"ಹೌದಾ? ಹಾಗೆ ಹೇಳಿದ್ಳಾ?" ನಾನು ಮುಂದಕ್ಕೆ ಬಾಗಿದೆ.

"ಅವರ ಬಗ್ಗೆ ಒಂದು ಕೆಟ್ಟ ಮಾತು ಆಡಿಲ್ಲ." ವಿಲ್ಫ್ರೆಡ್ ಸ್ವಲ್ಪ ಯೋಚಿಸಿದರು. "ಒಳ್ಳೇ ಮಾತೂ ಆಡಿಲ್ಲ ಅನ್ನಿ."

ಆಮೇಲೆ ಅವರು ನನ್ನ ಹೆಂಡತಿಯ ವಿಷಯವನ್ನು ನನಗೆ ಹೇಳತೊಡಗಿದರು. ಮಳೆ ನಿಂತ ಕೂಡಲೇ ಅವಳು ರಬ್ಬರ್ ಬೂಟು ಹಾಕಿಕೊಂಡು, ಹಳ್ಳದ ನೀರು ರಸ್ತೆಗೆ ಬಂದಿದೆಯೇ ಎಂದು ನೋಡಲು ಚಿಕ್ಕ ಹುಡುಗಿಯ ಹಾಗೆ ಹೋಗುತ್ತಾಳಂತೆ. ಚರ್ಚಿನ ಗಾಯನ ಮೇಳದಲ್ಲಿ ಅವಳು ಇಲ್ಲದ ದಿನ ಹಾಡಿಗೆ ನೆಲವೇ ಇಲ್ಲದಂತಾಗುತ್ತದಂತೆ. ಚಹಾಕ್ಕೆ ಸಕ್ಕರೆ ಬಿಟ್ಟು ಎಷ್ಟೋ ಕಾಲವಾಯಿತಂತೆ. "ಹೋದ ಚಳಿಗಾಲ ಅಷ್ಟೊಂದು ಕೆಮ್ಮು ಇತ್ತಲ್ಲ ಅವರಿಗೆ, ನನಗೆ ಭಯವೇ ಆಗಿತ್ತು," ಎಂದರು.

ನಾನು ಎಷ್ಟು ಜ್ಞಾಪಿಸಿಕೊಂಡರೂ ಆ ಕೆಮ್ಮು ನೆನಪಿಗೆ ಬರಲಿಲ್ಲ. ರೈಲಿನಲ್ಲಿ ನನ್ನ ಎದುರು ಕೂರುತ್ತಿದ್ದವನ ಕೆಮ್ಮು ಮಾತ್ರ ಸ್ಪಷ್ಟವಾಗಿ ನೆನಪಿತ್ತು.

"ನನ್ನ ಪರವಾಗಿ ಒಂದು ಒಳ್ಳೇ ಮಾತು ಹಾಕ್ತೀರಾ?" ಎಂದರು ವಿಲ್ಫ್ರೆಡ್. ಟೋಪಿ ಮತ್ತೆ ತಲೆಗೇರಿತು.

ಆಗಲೇ ಎದ್ದು ನಿಂತು, 'ಸ್ವಾಮಿ, ಆ ಸತ್ತ ಗಂಡ ನಾನೇ' ಎಂದು ಗರ್ಜಿಸಬೇಕಿತ್ತು. ಆದರೆ ಸ್ವಂತ ಕರವಸ್ತ್ರದಿಂದ ಬಕೆಟ್ ಒರೆಸಿಕೊಟ್ಟವರ ಮುಂದೆ ಗರ್ಜಿಸುವುದು ಹೇಗೆ? "ಹೇಳಿ ನೋಡ್ತೀನಿ," ಎಂದು ಎದ್ದು ಬಂದೆ.

ಮನೆಯಲ್ಲಿ ಹೆಸ್ಟರ್ ಕಾಲನ್ನು ಮಣೆಯ ಮೇಲೆ ಚಾಚಿಕೊಂಡು ಹೆಣಿಗೆ ಹಾಕುತ್ತಿದ್ದಳು.

"ಹೆಸ್ಟರ್, ನಾನು ಸತ್ತುಹೋಗಿದ್ದೀನಂತೆ."

ಹೆಣಿಗೆ ಕಡ್ಡಿ ನಿಂತಿತು. "ಅಜ್ಜಿ ಹತ್ರ ಮಾತಾಡ್ಬೇಡ ಅಂದಿದ್ನಲ್ಲ!"

"ಸತ್ತೋನಿಗೆ ಮಾತಾಡೋ ಹಕ್ಕೂ ಇಲ್ವಾ? ಏನಿದು?"

"ನಾವು ಬಂದ ಹೊಸದು. ಪಾದ್ರಿಗಳ ಹೆಂಡತಿ ಬಂದು, ನಿಮ್ಮ ಯಜಮಾನ್ರು ಎಲ್ಲಿ ಅಂದ್ರು. ಆ ವಾರ ನೀನು ಒಂದು ದಿನವೂ ಹೊತ್ತಿಗೆ ಸರಿಯಾಗಿ ಊಟಕ್ಕೆ ಬಂದಿರ್ಲಿಲ್ಲ. ಸಿಟ್ಟು ಬಂದು, ಗಂಡನ್ನ ರೈಲಿಗೆ ಕಳ್ಕೊಂಡೆ ಅಂದೆ. ತಮಾಷೆಗೆ. ಆಯಮ್ಮ ನನ್ನ ತಬ್ಬಿಕೊಂಡು ಗೊಳೋ ಅಂತ ಅತ್ಬಿಟ್ರು! ಅಷ್ಟು ಅಳ್ತಿರೋರಿಗೆ, ಇಲ್ಲ ಬದುಕಿದಾರೆ ಅನ್ನೋಕಾಗುತ್ತಾ? ಅವರಿಗೆ ಬೇಜಾರಾಗಲ್ವಾ?"

"ಮಾರನೇ ದಿನ ಹೇಳಬಹುದಿತ್ತು."

"ಮಾರನೇ ದಿನ ಕೇಕ್ ಬಂತು. ನೀನೂ ತಿಂದೆ. ಇನ್ನೊಂದು ತುಂಡು ಕೊಡು ಅಂತಲೂ ಅಂದೆ."

(ನನ್ನ ತಿಥಿ ಊಟವನ್ನು ನಾನೇ ಕೇಳಿ ಕೇಳಿ ಬಡಿಸಿಕೊಂಡಿದ್ದೆ.)

"ಅದಾದ ಮೇಲೆ?"

"ನಿನ್ನನ್ನ ಚರ್ಚಿಗೆ ಕರ್ಕೊಂಡು ಹೋಗಿ ತೋರಿಸಿಬಿಡೋಣ ಅಂತ ಕಾದೆ. ಭಾನುವಾರ ಬಂದಾಗಲೆಲ್ಲ ನೀನು ಗೊರಕೆ." ಅವಳಿಗೆ ನಗು ಬಂತು; ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಗು ನಿಂತಿತು, ನೀರು ಮಾತ್ರ ನಿಲ್ಲಲಿಲ್ಲ. "ಬರ್ತಾ ಬರ್ತಾ ಅದು ಅಷ್ಟೇನೂ ಸುಳ್ಳು ಅಂತ ಅನ್ನಿಸ್ತಿರ್ಲಿಲ್ಲ, ಲಯೊನೆಲ್."

ಅವಳ ಉಳುಕಿದ ಕಾಲಿನ ಕೆಳಗೆ ಒಂದು ದಿಂಬು ಇಟ್ಟೆ. ಅದನ್ನು ಸರಿಮಾಡುತ್ತ ಕೇಳಿದೆ: "ಸಕ್ಕರೆ ಬಿಟ್ಟಿದ್ದೀಯಂತೆ?"

"ಯಾರು ಹೇಳಿದ್ದು?"

"ನಿನ್ನನ್ನ ಮದುವೆ ಆಗ್ಬೇಕು ಅಂತ ಇರೋರು. ನಾನೇ ಶಿಫಾರಸು ಮಾಡ್ಬೇಕಂತೆ. ಮನುಷ್ಯ ಒಳ್ಳೆಯೋರು, ಬೀನ್ಸೂ ಚೆನ್ನಾಗಿರುತ್ತೆ. ಅಷ್ಟು ಹೇಳ್ಬಲ್ಲೆ."

"ವಿಲ್ಫ್ರೆಡ್ಡಾ? ಅಯ್ಯೋ ಪಾಪ!" ಎಂದಳು. ಎನ್ನುತ್ತಲೇ ಅವಳ ಕೈ ತಾನಾಗಿ ಕೂದಲು ಸರಿಮಾಡಿಕೊಂಡಿತು. ನಾನು ನೋಡಿದೆ.

"ಹಾಗಾದ್ರೆ ಪ್ರತಿ ಭಾನುವಾರ ಸಂಜೆ ನಾನು ಚಹಾಕ್ಕೆ ಅಷ್ಟು ಸಕ್ಕರೆ ಸುರಿದು ತಂದಾಗ ಹೇಳೋದಲ್ವಾ?"

"ವಾರಕ್ಕೆ ಒಂದು ಸಲ ನೀನು ಮಾಡಿ ತರೋ ಚಹಾ. ಅದಕ್ಕೂ ಹೆಸರಿಡೋದಾ?" ಎಂದಳು. "ಕುಡೀತಿದ್ದೆ."

ನನ್ನ ಪುನರುತ್ಥಾನ ಆಗಲೇಬೇಕೆಂದು ಆವತ್ತೇ ಘೋಷಿಸಿದೆ. ಮುಂದಿನ ಗುರುವಾರ ಟೈ ಕಟ್ಟಿಕೊಂಡು, ಕುಂಟುತ್ತಿದ್ದ ಹೆಸ್ಟರಳ ತೋಳು ಹಿಡಿದು, ಸಭಾಂಗಣವನ್ನು ಪ್ರವೇಶಿಸಿದೆ. ಟ್ರಿಮ್ಲೆಟ್ ಅಜ್ಜಿ ಆಗಲೇ ಮೊದಲ ಮೇಜಿನಲ್ಲಿ ಕುಳಿತಿದ್ದರು. (ಏನೋ ವಿಶೇಷವಿದೆ ಎಂಬ ಗಾಳಿಸುದ್ದಿ ಅವರ ಮಂಡಿಯನ್ನು ಪೂರ್ಣವಾಗಿ ಗುಣಪಡಿಸಿತ್ತು.) ನಾನು ಗಂಟಲು ಸರಿಮಾಡಿಕೊಂಡೆ.

"ಮಹನೀಯರೇ, ನಾನು ಲಯೊನೆಲ್. ಹೆಸ್ಟರಳ ಗಂಡ. ತಪ್ಪು ತಿಳುವಳಿಕೆ ಆಗಿತ್ತು. ನಾನು ಸತ್ತಿಲ್ಲ."

ಯಾರದೋ ಚಮಚ ಕೆಳಗೆ ಬಿತ್ತು. ನಾನು ಚಪ್ಪಾಳೆಗಾಗಿ ಕಾದೆ.

"ಹಾಗಾದ್ರೆ ಇಷ್ಟು ವರ್ಷ ಎಲ್ಲಿದ್ದೆ?" ಎಂದರು ಅಜ್ಜಿ.

"ಇಲ್ಲೇ ಇದ್ದೆ, ಅಜ್ಜಿ."

"ಇಲ್ಲೇ ಇದ್ದೂ ಒಂದು ದಿನ ಅವಳ ಜೊತೆ ಬರ್ಲಿಲ್ವಾ? ಸತ್ತಿದ್ರೆ ಒಂದು ನೆಪ ಆದ್ರೂ ಇರ್ತಿತ್ತು!" ಅವರು ಹೆಸ್ಟರಳ ಕಡೆ ತಿರುಗಿದರು. "ಏನಮ್ಮಾ, ಇವನು ನಿನ್ನ ಗಂಡನೇನು?"

ಹೆಸ್ಟರ್ ನನ್ನನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದಳು. "ಹೌದು ಅಂತಲೇ ಇಟ್ಕೊಳ್ಳಿ ಅಜ್ಜಿ. ಒಂದು ವರ್ಷ ನೋಡ್ತೀನಿ."

ಸಭೆ ಘೊಳ್ಳೆಂದಿತು. ಸದ್ಯ ಮುಗಿಯಿತಲ್ಲ ಎಂದು ಖಾಲಿ ಕುರ್ಚಿಯೊಂದರಲ್ಲಿ ಕುಳಿತು ಫೋರ್ಕ್ ಎತ್ತಿಕೊಂಡೆ.

"ಏಳಪ್ಪಾ, ಏಳು," ಎಂದರು ಅಜ್ಜಿ. "ಇದು ಜೊತೆ ಇಲ್ಲದೋರ ಊಟ. ನಿನಗೆ ಹೆಂಡತಿ ಇದಾಳೆ. ಪಾತ್ರೆ ತೊಳೆಯೋ ಜಾಗ ಆ ಕಡೆ."

ಅಡುಗೆಮನೆಯಲ್ಲಿ ವಿಲ್ಫ್ರೆಡ್ ನನಗಿಂತ ಮೊದಲೇ ಬಂದು ಕಿಟಕಿಯತ್ತ ಮುಖ ಮಾಡಿ ನಿಂತಿದ್ದರು. ಅವರ ಊಟ ಹೊರಗೆ ಮೇಜಿನ ಮೇಲೆ ಹಾಗೇ ಇತ್ತು. ನಾನು ನಲ್ಲಿ ತಿರುಗಿಸಿದೆ. ಅವರು ಬಟ್ಟೆ ತೆಗೆದುಕೊಂಡು, ನಾನು ತೊಳೆದ ತಟ್ಟೆಗಳನ್ನು ಒರೆಸತೊಡಗಿದರು.

"ಬಕೆಟ್ ಮೇಲೆ ಕೂತು ಎಲ್ಲ ಕೇಳಿಸ್ಕೊಂಡ್ರಿ," ಎಂದರು ಕೊನೆಗೆ.

"ಕೇಳಿಸ್ಕೊಂಡೆ. ಅದರಲ್ಲಿ ನನಗೆ ಒಂದೂ ಗೊತ್ತಿರ್ಲಿಲ್ಲ."

ಒಂದು ತಟ್ಟೆಯನ್ನು ಬಹಳ ಹೊತ್ತು ಒರೆಸಿದರು. "ಒಂದು ಒಳ್ಳೇ ಮಾತು ಹಾಕ್ತೀನಿ ಅಂದಿದ್ರಿ."

"ಹಾಕಿದೆ."

"ಹಾಕಿದ್ರಾ!" ಬಟ್ಟೆ ನಿಂತಿತು. "ಏನಂದ್ರು?"

"ಏನೂ ಅನ್ನಲಿಲ್ಲ. ನಿಮ್ಮ ಹೆಸರು ಹೇಳಿ ಕೂದಲು ಸರಿಮಾಡ್ಕೊಂಡಳು."

ಅವರ ಕಿವಿ ಕೆಂಪಾಯಿತು. ನನ್ನ ಹೆಂಡತಿಯ ವಿಷಯದಲ್ಲಿ ಇನ್ನೊಬ್ಬ ಗಂಡಸಿನ ಕಿವಿ ಕೆಂಪಾದದ್ದು ನೋಡಿ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆಗ ಹೊರಗೆ ಹೆಸ್ಟರ್ ಯಾರ ಮಾತಿಗೋ ಜೋರಾಗಿ ನಕ್ಕಳು. ಗಂಟಲಿನಾಳದಿಂದ ಉರುಳಿಕೊಂಡು ಬಂದ ನಗು. ನಾವಿಬ್ಬರೂ ಕೈಯಲ್ಲಿದ್ದುದನ್ನು ಹಾಗೇ ಹಿಡಿದು ನಿಂತೆವು.

"ಇನ್ನು ಮೇಲೆ ಬೀನ್ಸ್ ಇಡೋದು ನಿಲ್ಲಿಸ್ಬೇಕು," ಎಂದರು ವಿಲ್ಫ್ರೆಡ್ ಮೆಲ್ಲಗೆ.

"ದಯವಿಟ್ಟು ನಿಲ್ಲಿಸ್ಬೇಡಿ. ಬಾಗಿಲು ತಟ್ಟಿ, ಒಳಗೆ ಬಂದು ಕೊಡಿ."

ಹೆಸ್ಟರ್ ಕುಂಟುತ್ತ ಒಳಗೆ ಬಂದಳು. ನನ್ನನ್ನು ನೋಡಿದಳು, ವಿಲ್ಫ್ರೆಡ್‌ರನ್ನು ನೋಡಿದಳು, ಒರೆಸಿಟ್ಟ ರಾಶಿಯ ಮೇಲಿನ ತಟ್ಟೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು.

"ವಿಲ್ಫ್ರೆಡ್, ಎಷ್ಟು ಚೆನ್ನಾಗಿ ಒರೆಸಿದ್ದೀರಿ! ಹೋಗಿ ಊಟ ಮಾಡಿ, ಆರಿಹೋಗುತ್ತೆ." ಆಮೇಲೆ ಆ ತಟ್ಟೆಯನ್ನೂ ಅದರ ಕೆಳಗಿನ ಇಡೀ ರಾಶಿಯನ್ನೂ ನನ್ನ ಮುಂದಿನ ನೊರೆನೀರಿಗೆ ಇಳಿಸಿದಳು. "ಲಯೊನೆಲ್, ಇವನ್ನೆಲ್ಲ ಇನ್ನೊಂದು ಸಲ ತೊಳಿ. ಈ ಸಲ ಸೋಪು ಹಾಕ್ಕೊಂಡು, ಹಿಂಭಾಗವನ್ನೂ."

ನಾನು ಅಂಗಿಯ ತೋಳು ಮಡಚಿದೆ. ವಿಲ್ಫ್ರೆಡ್, ಪಾಪ, ನಗದೇ ಇರಲು ಬಹಳ ಪ್ರಯತ್ನಪಟ್ಟರು.