ರೊಟ್ಟಿಯ ಸಪ್ಪಳ ಮತ್ತು ದ್ರಾಕ್ಷಿಯ ಗಸಿ

ಆ ದಿನ ಬೆಳಗಿನಿಂದ ಅಂಗಳ ಗುಡಿಸಿ ನೀರು ಹೊಡೆದಿದ್ದೆ. ಹಂಡೆ ತುಂಬಿಸಿದ್ದೆ. ಅತ್ತೆಯವರ ಪೂಜೆಗೆ ವಿಭೂತಿ, ಪತ್ರಿ ಎತ್ತಿಟ್ಟಿದ್ದೆ. ತೊಗರಿಬೇಳೆ ಹಸನು ಮಾಡಿದ್ದೆ, ಬಟ್ಟೆ ಒಗೆದಿದ್ದೆ, ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ತಿರುವಿ ಬಂದಿದ್ದೆ. ಹಿತ್ತಲಿನ ಒಲೆ ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡಿದ್ದೆ. ಇಷ್ಟೆಲ್ಲ ಆದ ಮೇಲೆ ಕಂದೀಲು ಹಿಡಿದುಕೊಂಡು ಒಂದು ಗಾಜಿನ ಬರಣಿಯ ಹಿಂದೆ ಸುಮ್ಮನೆ ನಿಂತಿದ್ದೆ. ಈ ಕೊನೆಯ ಕೆಲಸ ಆಳಂದದಲ್ಲಿ ಬೇರೆ ಯಾವ ಹೆಂಗಸಿನ ಪಾಲಿಗೂ ಬಂದಿರಲಿಕ್ಕಿಲ್ಲ. ಬರಣಿಯ ಮುಂದೆ ನಮ್ಮವರು ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಒಳಗಿನ ದ್ರಾಕ್ಷಿರಸದ ಮೂಲಕ ನನ್ನ ಕೈಯ ದೀಪವನ್ನು ನೋಡುತ್ತಿದ್ದರು. ದೀಪದ ಕುಡಿ ಸ್ವಚ್ಛವಾಗಿ ಕಂಡರೆ ರಸ ತಿಳಿಯಾಗಿದೆ, ಬಾಟಲಿಗೆ ತುಂಬಬಹುದು ಎಂದರ್ಥ. ಮಸುಕಾಗಿ ಕಂಡರೆ ಗಸಿ ಇನ್ನೂ ತಳ ಸೇರಿಲ್ಲ, ನಾನು ಇನ್ನೂ ಹಿತ್ತಲಿನಲ್ಲೇ ರೊಟ್ಟಿ ಮಾಡಬೇಕು ಎಂದರ್ಥ.

"ಕಾಣ್ತದೇನ್ರಿ?" ಎಂದೆ.

"ಕಾಣ್ತದ. ಆದ್ರ ದೀಪ ಯಾವುದು, ನಿನ್ ಮಾರಿ ಯಾವುದು ಗೊತ್ತಾಗವಲ್ದು. ಎರಡೂ ಹೊಗಿ ಹಿಡದಾವ."

"ಹಿತ್ತಲದಾಗ ಕುಂತು ಒಲಿ ಊದ್ರಿ, ನಿಮ್ದೂ ಹಿಡೀತದ."

ಗಂಡಸರ ಹವ್ಯಾಸಗಳು ಅವರ ತಲೆಯಲ್ಲಿ ಹುಟ್ಟಿ ಹೆಂಡತಿಯ ಸೊಂಟದಲ್ಲಿ ಮುಗಿಯುತ್ತವೆ. ನಮ್ಮವರು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಾಸ್ತರರು. ಶಾಲೆಯಲ್ಲಿ ಎಲ್ಲವೂ ಲೆಕ್ಕದ ಪ್ರಕಾರ ನಡೆಯುವುದರಿಂದ ಮನೆಯಲ್ಲಿ ಏನಾದರೂ ಲೆಕ್ಕ ತಪ್ಪಿದ್ದು ನಡೆಯಲಿ ಎಂಬ ಆಸೆಯೋ ಏನೋ. ಒಮ್ಮೆ ಗುಲಾಬಿ ಕಸಿ ಮಾಡಿದರು. ಎರಡೂ ಗಿಡ ಸತ್ತವು. ಒಮ್ಮೆ ರೇಡಿಯೊ ಬಿಚ್ಚಿ ರಿಪೇರಿ ಮಾಡಿದರು. ಅಂದಿನಿಂದ ಅದು ಮರಾಠಿ ಬಿಟ್ಟು ಬೇರೆ ಭಾಷೆ ಆಡಲಿಲ್ಲ. ಆ ಬೇಸಿಗೆ ಸರಸಂಬಾದಲ್ಲಿರುವ ನನ್ನ ಮೈದುನನ ದ್ರಾಕ್ಷಿ ತೋಟಕ್ಕೆ ಅಕಾಲದ ಮಳೆ ಬಡಿದು ಹಣ್ಣು ಸೀಳಿದವು. ಸೊಲ್ಲಾಪುರದ ವ್ಯಾಪಾರಿ ಬೇಡವೆಂದದ್ದು ಬುಟ್ಟಿ ಬುಟ್ಟಿಯಾಗಿ ನಮ್ಮ ಮನೆಗೆ ಬಂತು. ನಾವು ತಿಂದೆವು, ಓಣಿಯವರು ತಿಂದರು, ಎಮ್ಮೆಯೂ ತಿಂದು ಬೇಸತ್ತು ಮುಖ ತಿರುಗಿಸಿತು. ಆಗ ಇವರ ಶಾಲೆಯ, ಹೈದರಾಬಾದಿನಲ್ಲಿ ಕಲಿತುಬಂದ ವಿಜ್ಞಾನದ ಮಾಸ್ತರರು, "ವೈನ್ ಮಾಡ್ರಿ ಸರ್" ಎಂದುಬಿಟ್ಟರು.

ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ ನಮ್ಮದು. ವೈನ್ ಎಂಬ ಶಬ್ದಕ್ಕೆ ಹೊಸ್ತಿಲು ದಾಟುವ ಅಧಿಕಾರವಿರಲಿಲ್ಲ. ಆದ್ದರಿಂದ ಅದು ದ್ರಾಕ್ಷಾರಿಷ್ಟ ಎಂಬ ಹೆಸರಿನಲ್ಲಿ ಒಳಗೆ ಬಂತು. ಅತ್ತೆಯವರಿಗೆ ಬಹಳ ವರ್ಷಗಳಿಂದ ನಿದ್ದೆ ಸರಿಯಿಲ್ಲ. ಅಶಕ್ತಿಗೆ ದ್ರಾಕ್ಷಾರಿಷ್ಟ ತೊಗೊಳ್ರಿ ಎಂದು ಅಂದೋಲಾದ ವೈದ್ಯರೊಬ್ಬರು ಯಾವಾಗಲೋ ಹೇಳಿದ್ದರಂತೆ. "ನನ್ ಮಗ ನನ್ನ ಸಲುವಾಗಿ ಔಷಧ ಮಾಡಾಕತ್ತಾನ" ಎಂದು ಅವರು ಓಣಿಗೆಲ್ಲ ಹೇಳಿಕೊಂಡು ಬಂದರು.

ರಸ ಹುಳಿಯುವಷ್ಟು ದಿನ ತೊಂದರೆಯಿರಲಿಲ್ಲ. ಅದು ತನ್ನಷ್ಟಕ್ಕೆ ಬುಸುಗುಟ್ಟುತ್ತಿತ್ತು, ನಾನು ನನ್ನಷ್ಟಕ್ಕೆ. ತೊಂದರೆ ಶುರುವಾದದ್ದು ಅದು ಸುಮ್ಮನಾದ ಮೇಲೆ. ಇನ್ನು ಗಸಿಯೆಲ್ಲ ಕೆಳಗಿಳಿಯಬೇಕು, ಅದಕ್ಕೆ ಬರಣಿ ತಣ್ಣಗಿನ ಜಾಗದಲ್ಲಿ ಅಲುಗಾಡದೆ ಕೂರಬೇಕು ಎಂದರು. ನಮ್ಮ ಬೇಸಿಗೆಯಲ್ಲಿ ತಣ್ಣಗಿನ ಜಾಗವೆಂದರೆ ದಪ್ಪ ಕಲ್ಲುಗೋಡೆಯ ಅಡುಗೆಮನೆ ಒಂದೇ. ಒಲೆಯಿಂದ ದೂರದ ಮೂಲೆಯ ಕಟ್ಟೆಯ ಮೇಲೆ ಬರಣಿಯನ್ನು ಕೂರಿಸಿದರು. ಸಂಜೆ ನಾನು ಎಂದಿನಂತೆ ರೊಟ್ಟಿಗೆ ಕೂತೆ. ನಮ್ಮ ಕಡೆ ರೊಟ್ಟಿಯನ್ನು ಲಟ್ಟಿಸುವುದಿಲ್ಲ, ಬಡಿಯುತ್ತೇವೆ. ಜೋಳದ ಹಿಟ್ಟಿಗೆ ಕೈ ಬೀಳುತ್ತಿದ್ದಂತೆ ಕೆಳಗಿನ ಕಲ್ಲು, ನೆಲದ ಹಾಸುಗಲ್ಲು, ಕಟ್ಟೆ, ಎಲ್ಲವೂ ತಾಳ ಹಿಡಿದವು. ಬರಣಿಯ ತಳದಿಂದ ಸಣ್ಣದೊಂದು ಮೋಡ ಎದ್ದಿತು. ನಮ್ಮವರು ಓಡಿ ಬಂದರು.

"ತಡೀ ತಡೀ! ಎಲ್ಲಾ ಮ್ಯಾಲ ಬಂತು!"

"ರೊಟ್ಟಿ ಹಂಚಿನ ಮ್ಯಾಲ ಅದರಿ, ತಡೀ ಅಂದ್ರ ಅದು ತಡೀತದೇನು?"

ಅಂದಿನಿಂದ ಮನೆಯಲ್ಲಿ ರೊಟ್ಟಿ ನಿಂತಿತು. ಚಪಾತಿ ಲಟ್ಟಿಸಿದೆ, ಅನ್ನ ಮಾಡಿದೆ, ನುಚ್ಚು ಬೇಯಿಸಿದೆ. ನಂಚಿಕೊಳ್ಳುವ ಶೇಂಗಾ ಹಿಂಡಿ ಕುಟ್ಟುವುದನ್ನೂ ಬಿಟ್ಟೆ. ಕೆಲವು ದಿನ ಕಳೆದ ಮೇಲೆ ಪಕ್ಕದ ಮನೆಯ ಶಾಂತಾಬಾಯಿ ಮುಖ ಸಣ್ಣದು ಮಾಡಿಕೊಂಡು ಬಂದಳು. "ಯಾಕ್ರೀ ಅಕ್ಕಾ, ನಿಮ್ಮನಿ ರೊಟ್ಟಿ ಸಪ್ಪಳಾನೇ ಕೇಳವಲ್ದು? ಯಾರಿಗರ ಆರಾಮಿಲ್ಲೇನು?" ನಮ್ಮ ಕಡೆ ಒಂದು ಮನೆ ನೆಟ್ಟಗಿದೆ ಎಂದು ಓಣಿಗೆ ತಿಳಿಯುವುದು ಆ ಸಪ್ಪಳದಿಂದಲೇ. ಅವಳಿಗೆ ಉತ್ತರ ಕೊಟ್ಟವರು ಅತ್ತೆ. "ಆರಾಮಿದ್ದೇವು ಬೇ. ಬರೇ ಉಪವಾಸ ಇದ್ದೇವು." ತಟ್ಟೆಯಲ್ಲಿ ಚಪಾತಿ ಇರುವಾಗಲೇ ಈ ಮಾತು! ಮರುದಿನ ಅವರು ಚಪಾತಿಯ ತಟ್ಟೆಯನ್ನು ಸರಿಸಿ, ಮಗನಿಗೆ, "ರೊಟ್ಟಿ ಇಲ್ಲದ ಊಟ ಊಟೇನ್ಲೇ ಸಿದ್ರಾಮಾ? ಮಣ್ಣೂರಿಗಿ ತಂಗಿ ಮನಿಗಿ ಹೋಗ್ತೇನಿ, ಬಸ್ಸಿಗಿ ಕುಂದ್ರಸು" ಎಂದರು. ಹೀಗೆ ತಾಯಿಗೆ ರೊಟ್ಟಿ, ಮಗನಿಗೆ ಬರಣಿ, ನನಗೆ ಹಿತ್ತಲು ಎಂದು ತೀರ್ಪಾಯಿತು. ಮೂರು ಕಲ್ಲು ಹೂಡಿ, ಮೇಲೆ ಬಿಸಿಲು, ಮುಂದೆ ಬೆಂಕಿ, ಪಕ್ಕದಲ್ಲಿ ಎಮ್ಮೆ, ಸಾಕುಸಾಕಾಗಿ ಹೈರಾಣಾದೆ. ಮಳೆಗಾಲ ಹಿಡಿಯುವುದರೊಳಗೆ ಬರಣಿ ಖಾಲಿಯಾಗಿ ನನ್ನ ಅಡುಗೆಮನೆ ನನಗೆ ಸಿಕ್ಕರೆ ಸಾಕು ಎಂಬುದೊಂದೇ ನನ್ನ ಬೇಡಿಕೆಯಾಗಿತ್ತು.

ಬೇಗ ತಿಳಿಯಾಗಲು ಉಪಾಯಗಳಿರಲಿಲ್ಲವೆಂದಲ್ಲ. ಮಣ್ಣೂರಿನ ಮಗಳಾದ ಅತ್ತೆ, ಭೀಮಾ ಹೊಳೆಗೆ ಕೆಂಪು ನೀರು ಬಂದಾಗ ಕೊಡದಲ್ಲಿ ತುರಟಿ, ಅಂದರೆ ಪಟಿಕ, ಆಡಿಸಿ ತಿಳಿ ಮಾಡಿಕೊಂಡು ಕುಡಿದವರು. ತುರಟಿ ತುಂಡು ಹಿಡಿದು ಬರಣಿಯ ಹತ್ತಿರ ಸುಳಿದಾಡತೊಡಗಿದರು. "ಅದು ಹೊಳಿ ನೀರಲ್ಲವ್ವಾ" ಎಂದು ಮಗ ಅಡ್ಡ ನಿಂತರು. ವಿಜ್ಞಾನದ ಮಾಸ್ತರರು ಹೇಳಿದ ಉಪಾಯ ಇನ್ನೂ ಸರಳ: ಒಂದು ಮೊಟ್ಟೆಯ ಬಿಳಿ ಲೋಳೆ ಕಡೆದು ಹಾಕಿದರೆ ಗಸಿಯನ್ನೆಲ್ಲ ಹಿಡಿದುಕೊಂಡು ತಳ ಸೇರುತ್ತದಂತೆ. ನಮ್ಮವರು ಇದನ್ನು ನನಗೆ ಪಿಸುಮಾತಿನಲ್ಲಿ ಹೇಳಿ, ಹೇಳಿದ ಬಾಯಿಯನ್ನು ತೊಳೆದುಕೊಂಡು ಬಂದರು. ಹೆಂಡ ಮಾಡಬಹುದು, ಮೊಟ್ಟೆ ಮಾತ್ರ ಕೂಡದು. ಯಾರೂ ಬರೆದಿಡದ ಇಂಥ ಕಾನೂನುಗಳ ಮೇಲೆಯೇ ನಮ್ಮ ಮನೆ ನಿಂತಿದೆ. ಹೀಗಾಗಿ ಕಾಯುವುದೊಂದೇ ಉಳಿಯಿತು. ಒಂದು ಸಲ ಅತ್ತೆ ಗುಡಿಗೆ ಹೋದಾಗ ರಬ್ಬರ್ ನಳಿಕೆಯನ್ನು ಬಾಯಿಂದ ಎಳೆದು ಮೇಲಿನ ರಸವನ್ನಷ್ಟೇ ಬೇರೆ ಬರಣಿಗೆ ಇಳಿಸಿ, ತಳದ ರಾಡಿ ಚೆಲ್ಲಿದ್ದೂ ಆಯಿತು. ಅಂದು ಒಂದು ಗುಟುಕು ಒಳಗೆ ಹೋಗಿ, ನಮ್ಮವರು ಸಂಜೆಯವರೆಗೂ ಮಾತನಾಡಲು ಹೆದರಿ ಏಲಕ್ಕಿ ಅಗಿಯುತ್ತ ಕೂತಿದ್ದರು.

ಕಂದೀಲು ಹಿಡಿದ ಆ ದಿನಕ್ಕೆ ಮರಳುತ್ತೇನೆ. ದೀಪ ಇನ್ನೂ ಕೊಂಚ ಮಸುಕಾಗಿಯೇ ಕಂಡಿತು. "ಇನ್ನೊಂದಿಷ್ಟು ದಿನ" ಎಂದರು. ನಾನು ಹಿಟ್ಟು ನಾದಿಕೊಂಡು ಹಿತ್ತಲಿಗೆ ಹೋದೆ. ಮೊದಲ ರೊಟ್ಟಿ ಹಂಚಿಗೆ ಹಾಕಿದ್ದೇ ತಡ, ಗಾಳಿ ಎದ್ದು, ಮುಂಗಾರಿನ ಮೊದಲ ಮಳೆ ಧೋ ಎಂದು ಸುರಿಯಿತು. ಒಲೆ ಆರಿತು. ರೊಟ್ಟಿ ಮತ್ತೆ ಹಿಟ್ಟಾಯಿತು. ಹಿಟ್ಟಿನ ಪರಾತವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ತೊಯ್ದು ಮುದ್ದೆಯಾಗಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ. "ಒಳಗ ಬರ್ತೇನ್ರಿ. ರೊಟ್ಟಿ ಬಡೀತೇನಿ. ಏನ್ ಮ್ಯಾಲ ಬರ್ತದೋ ಬರ್ಲಿ" ಎಂದಷ್ಟೇ ಅಂದೆ.

ಅವರು ನನ್ನನ್ನು ನೋಡಿದರು, ಬರಣಿಯನ್ನು ನೋಡಿದರು. "ಹಂಗಾದ್ರ ಈಗಲೇ ತುಂಬಿಬಿಡೋಣ" ಎಂದು, ತೊಳೆದಿಟ್ಟಿದ್ದ ಬಾಟಲಿಗಳನ್ನು ಕಟ್ಟೆಯ ಕೆಳಗೆ ಸಾಲಾಗಿ ಇಟ್ಟು, ನಳಿಕೆಯನ್ನು ಬಾಯಿಗಿಟ್ಟುಕೊಳ್ಳಲು ಹೋದರು. ಅಷ್ಟರಲ್ಲಿ ಅತ್ತೆ ಒಳಗೆ ಬಂದರು.

"ಏ ಸಿದ್ರಾಮಾ! ನನ್ ಔಷಧಕ್ಕ ಬಾಯಿ ಹಚ್ತೀ? ನಿನ್ ಎಂಜಲ ನಾ ಕುಡೀಬೇಕೇನ್ಲೇ?"

"ಬಾಯಿಲೆ ಎಳೀದಿದ್ರ ಇಳಿಯಂಗಿಲ್ಲವ್ವಾ."

"ಹಂಗಾದ್ರ ನಾನೇ ಎಳೀತೇನಿ. ಕುಡಿಯಾಕಿ ನಾನು, ಎಂಜಲ ನಂದೇ ಆಗ್ಲಿ."

ಗಣಿತದ ಮಾಸ್ತರರು ನಳಿಕೆಯನ್ನು ತಾಯಿಯ ಕೈಗೆ ಕೊಟ್ಟರು. ಅತ್ತೆ ಕಾಲು ಚಾಚಿ ಕೂತು, ಹಲ್ಲಿಲ್ಲದ ಬಾಯಿಗೆ ನಳಿಕೆ ಇಟ್ಟುಕೊಂಡರು. ಹಲ್ಲಿಲ್ಲದ ಬಾಯಿ ಎಷ್ಟು ಚೆನ್ನಾಗಿ ಎಳೆಯುತ್ತದೆ ಎಂಬುದು ನನಗೆ ಅಂದೇ ತಿಳಿದದ್ದು. ರಸ ಸರ್ರನೆ ಇಳಿಯಿತು. "ಬಂತವ್ವಾ, ಬಿಡು, ಬಾಟ್ಲಿಗಿ ಬಿಡು" ಎಂದು ಮಗ ಕೈ ಚಾಚಿದರೆ, ಜಪದ ನಡುವೆ ಮಾತಾಡಿಸಿದವರನ್ನು ತಡೆಯುವಂತೆ ಅವರು ಅಂಗೈ ಎತ್ತಿ ತೋರಿಸಿದರು. ಗಡಿಬಿಡಿಯಲ್ಲಿ ನಮ್ಮವರು ಎರಡನೆಯ ಬಾಟಲಿಗೆ ನಳಿಕೆ ಬದಲಿಸುವಾಗ ಹರಿವು ನಿಂತಿತು. ಅತ್ತೆಯೇ ಮತ್ತೆ ಎಳೆಯಬೇಕಾಯಿತು. ಮೂರನೆಯದಕ್ಕೆ ಮಗ ಕರೆಯಲೆಂದು ಅವರು ಕಾಯಲಿಲ್ಲ.

"ಇದು ಈಗ ಕುಡಿಯೂದಲ್ಲವ್ವಾ, ತಿಂಗಳಾನುಗಟ್ಟಲೆ ಇಟ್ಟು ಹಳೇದು ಮಾಡಬೇಕು" ಎಂದು ಮಗ ಗೋಗರೆದರು.

"ಹಳೇದು ನಾ ಆಗೇನಲ್ಲ, ಸಾಕು ಬಿಡಲೇ" ಎಂದು ತಾಯಿ ಬಾಯಿ ಒರೆಸಿಕೊಂಡರು.

ಬಿರಡೆಗಳಿಗೆ ಮೇಣ ಬಳಿದದ್ದಾಯಿತು, ಬರಣಿ ಹೊರಗೆ ಹೋಯಿತು. ಎಷ್ಟೋ ದಿನಗಳ ನಂತರ ನನ್ನ ಅಡುಗೆಮನೆಯಲ್ಲಿ ಒಲೆ ಹೊತ್ತಿಸಿ, ಕೈಯೆತ್ತಿ, ಮನೆ ಅದುರುವಂತೆ ಒಂದು ರೊಟ್ಟಿ ಬಡಿದೆ. "ಬಿಸಿ ಅದ ಬರ್ರಿ ಅತ್ತಿ" ಎಂದು ಕೂಗಿ ಹೊರಗೆ ಇಣುಕಿದೆ. ನೋಡಿದರೆ, ನಡುಮನೆಯ ಕಂಬಕ್ಕೆ ಒರಗಿ ಅವರು ಗೊರಕೆ ಹೊಡೆಯುತ್ತಿದ್ದರು. ಯಾರ ರೊಟ್ಟಿಗಾಗಿ ನಾನು ಬೇಸಿಗೆಯಿಡೀ ಹೊಗೆ ಕುಡಿದೆನೋ ಅವರೇ ಉಣ್ಣದೆ ಮಲಗಿದ್ದರು. ನಮ್ಮವರು ಅವರಿಗೆ ಕೌದಿ ಹೊದಿಸಿ ಅಡುಗೆಮನೆಗೆ ಬಂದು, ದನಿ ತಗ್ಗಿಸಿ, "ಜರಾ ಸಾವಕಾಶ ಬಡಿ. ಎಷ್ಟೋ ವರ್ಷದ ಮ್ಯಾಲ ಅವ್ವಗ ನಿದ್ದಿ ಹತ್ಯದ" ಎಂದರು.

ಏನಾದರೂ ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕೈಯ ಕಡೆ ಗಮನ ಹೋಯಿತು. ಅವರು ಹೇಳುವ ಮೊದಲೇ ಎರಡನೆಯ ರೊಟ್ಟಿಯನ್ನು ನಾನು ಬೆರಳ ತುದಿಯಲ್ಲಿ, ಸಪ್ಪಳವಿಲ್ಲದೆ, ಮಗುವಿನ ಬೆನ್ನು ತಟ್ಟುವಂತೆ ತಟ್ಟುತ್ತಿದ್ದೆ. ಹಾಗೆ ತಟ್ಟಿದ ರೊಟ್ಟಿ ದಪ್ಪಗಾಗಿ ನಡುವೆ ಬೇಯಲಿಲ್ಲ. ನಮ್ಮವರು ಮೊದಲ ರೊಟ್ಟಿಯನ್ನು ಕಡಲೆಹಿಟ್ಟಿನ ಜುಣಕದ ಜೊತೆ ಉಂಡರು, ನಾನು ಎರಡನೆಯದನ್ನು ಮಜ್ಜಿಗೆಯಲ್ಲಿ ಕಿವುಚಿಕೊಂಡು ಉಂಡೆ. ಅತ್ತೆಯ ನಂತರ ಮಲಗಿದವರು ನಮ್ಮವರು. ನಾನು ಪರಾತ ತೊಳೆದಿಟ್ಟು ಮಲಗಿದೆ.