ಸಂಗಿಯಮನ ಮನೆಗೆ ಬಂದ ದಿಮ್ಮಿ

ಬೆಳಗಿನ ಜಾವ ಯಾರೋ ನೆಲವನ್ನು ಕೆಳಗಿನಿಂದ ತಟ್ಟಿದಂತಾಗಿ ಸಂಗಿಯಮನಿಗೆ ಎಚ್ಚರವಾಯಿತು. ಕೆಳಗಡೆ ಬಾಡಿಗೆದಾರರಿರಲು ಅದೇನು ಪಟ್ಟಣದ ಮಹಡಿಯಲ್ಲ. ಸಕೇಕ್ರಾಂಗ್ ನದಿಯಲ್ಲಿ, ಬಿದಿರಿನ ಕಂತೆಗಳ ಮೇಲೆ ಕುಳಿತ ತೇಲುಮನೆ. ಕೆಳಗಿರುವುದು ನೀರು, ಪಕ್ಕದ ಬಲೆಗೂಡಿನಲ್ಲಿ ಅವನು ಸಾಕಿದ ಮೀನು. ಮೀನು ಬಾಗಿಲು ತಟ್ಟುವುದಿಲ್ಲ.

ಎದ್ದು ಜಗಲಿಗೆ ಬಂದ. ಮೇಲಿನ ಅಣೆಕಟ್ಟೆಯವರು ಹೇಳದೆ ಕೇಳದೆ ನೀರು ಬಿಟ್ಟಿದ್ದರು. ಆ ನೀರಿನಲ್ಲಿ ತೇಲಿ ಬಂದ, ಎಮ್ಮೆಯ ಬೆನ್ನಿನಷ್ಟು ದಪ್ಪದ ದಿಮ್ಮಿಯೊಂದು ಮನೆಯಡಿಗೆ ನುಗ್ಗಿ, ಮೂತಿಯನ್ನಷ್ಟೇ ಜಗಲಿಯ ಪಕ್ಕಕ್ಕೆ ಚಾಚಿ, ಊಟ ಮುಗಿದರೂ ಏಳದ ನೆಂಟನ ಹಾಗೆ ನೆಮ್ಮದಿಯಾಗಿ ಮಲಗಿತ್ತು.

ದಿಮ್ಮಿ ನುಗ್ಗಿದ ಮೂಲೆಯ ಬಿದಿರು ಕೊಳೆತು ಬಹಳ ಕಾಲವಾಗಿತ್ತು. ಹೊಸ ಬಿದಿರು ಕೊಡಿ ಎಂದು ನದಿ ಸೊಬಗು ಸಮಿತಿಗೆ ಅಲೆದಲೆದು ಅವನೂ ಅವನ ಚಪ್ಪಲಿಯೂ ಒಂದೇ ಹದಕ್ಕೆ ಸವೆದಿದ್ದರು. ಸಮಿತಿಗೆ ತೇಲುಮನೆಗಳೆಂದರೆ ಪ್ರಾಣ. ಬ್ಯಾಂಕಾಕಿನಿಂದ ಬಂದವರಿಗೆ ಮೊದಲು ಬೌದ್ಧ ವಿಹಾರಗಳನ್ನು, ಆಮೇಲೆ ಕಾಡಿನ ಹೆಮ್ಮರಗಳನ್ನು, ಕಡೆಗೆ ದೋಣಿಯಲ್ಲಿ ಕೂರಿಸಿ ತೇಲುಮನೆಗಳನ್ನು ತೋರಿಸುತ್ತಿತ್ತು. ಅದಕ್ಕೆಂದೇ ಎಲ್ಲ ಚಾವಣಿಗಳಿಗೂ ಒಂದೇ ಬಣ್ಣ ಬಳಿಸಿತ್ತು. ಚಾವಣಿ ಫೋಟೋದಲ್ಲಿ ಬೀಳುತ್ತದೆ. ಬಿದಿರು ನೀರಿನಡಿ ಇರುತ್ತದೆ. ನೀರಿನಡಿ ಇರುವವರನ್ನು ಯಾವ ಸಮಿತಿ ಬಗ್ಗಿ ನೋಡಿದೆ?

ದಿಮ್ಮಿ ಇನ್ನೊಂದು ಗುದ್ದು ಕೊಟ್ಟರೆ ಮನೆ ಮುಗಿಯಿತು ಎಂದುಕೊಂಡು ಸಂಗಿಯಮ್ ದೋಣಿ ನೂಕುವ ಗಳು ತಂದು ತಿವಿದ. ದಿಮ್ಮಿ ಅಲುಗಲಿಲ್ಲ.

"ಅಯ್ಯೋ ಪಾಪಿ! ನಿಲ್ಸೋ!" ಪಕ್ಕದ ತೇಲುಮನೆಯಿಂದ ಒಣಮೀನು ಮಾರುವ ಚವೀವನ್ ಕಿರುಚಿದಳು. "ಅದು ತಕಿಯೆನ್ ಮರ ಕಣೋ! ಒಳಗೆ ಮರದ ದೇವತೆ, ತಾಯಿ ಇದ್ದಾಳೆ. ಅವಳ ಸೊಂಟಕ್ಕೆ ತಿವೀತಿದೀಯಲ್ಲೋ!"

"ಸೊಂಟ ಅಂತ ನಂಗೇನು ಗೊತ್ತು ಅಕ್ಕಾ? ಮನೆ ಮುಳುಗತ್ತೆ ಅಂತ..."

"ಮುಳುಗೋದು ಇದ್ದಿದ್ದೇ. ನಾಳೆ ಲಾಟರಿ ಎಳೆಯೋ ದಿನ. ಗೆಲ್ಲೋ ನಂಬರು ತೋರ್ಸೋಳು ಅವಳೇ. ಇವತ್ತೇ ತಾಯಿ ನಿನ್ನ ಮನೆಗೆ ಬಂದಿದ್ದಾಳೆ ಅಂದ್ರೆ ಸುಮ್ನೇನಾ? ಹೆಂಡ್ತಿ ಸತ್ತಾಗಿಂದ ನಿನ್ನ ಮನೆಗೆ ಒಂದು ನೊಣಾನಾದ್ರೂ ಬಂದಿತ್ತಾ?"

ಹಾಗೆಂದು ಮುಖಕ್ಕೆ ಬಳಿಯುವ ಪೌಡರು ಡಬ್ಬಿ ಹಿಡಿದು ಹಲಗೆಯ ಮೇಲೆ ದಾಟಿಯೇ ಬಂದಳು. ದಿಮ್ಮಿಯ ಮೂತಿಗೆ ಪೌಡರು ಸುರಿದು, ಮಗುವಿನ ಬೆನ್ನು ತಿಕ್ಕಿದಂತೆ ತಿಕ್ಕಿ, ತೊಗಟೆಯಲ್ಲಿ ಮೂಡುವ ಅಂಕಿಗೆ ಕಣ್ಣು ಕಿರಿದು ಮಾಡಿ ಕುಳಿತಳು.

ಭಿಕ್ಷೆಗೆ ಬಂದ ಭಿಕ್ಕುವಿನ ದೋಣಿ ಆಚೆ ಹೋಗುವಷ್ಟರಲ್ಲಿ ಈ ದಡವೆಲ್ಲ ಸಂಗಿಯಮನ ಜಗಲಿಯಲ್ಲಿತ್ತು. ದಿಮ್ಮಿಗೆ ಮೂರು ಬಣ್ಣದ ವಸ್ತ್ರ ಸುತ್ತಿದರು. ತಾಯಿಗೆಂದು ಕನ್ನಡಿ, ಬಾಚಣಿಗೆ, ರೇಷ್ಮೆಯ ಉಡುಪು ಬಂದವು. ಕೆಂಪು ಸೋಡಾ ಬಾಟಲಿಗಳು ಕುಡಿಯುವ ನಳಿಗೆ ಸಮೇತ ಸಾಲಾಗಿ ನಿಂತವು. ಸಂಗಿಯಮ್ ಬೆಳಗಿನಿಂದ ಒಂದು ಲೋಟ ನೀರನ್ನೂ ಕುಡಿದಿರಲಿಲ್ಲ.

"ಏಳು ಕಾಣ್ತಿದೆ ನೋಡು, ಏಳು!"

"ಏಳಲ್ಲ, ಗೆದ್ದಲು ತಿಂದಿರೋ ಗೆರೆ. ನಿಂಗೆ ಕನ್ನಡಕ ಬೇಕು."

"ಒಬ್ಬೊಬ್ಬರೇ ಬನ್ರಪ್ಪಾ, ಮನೆ ಬಗ್ತಾ ಇದೆ," ಎಂದು ಸಂಗಿಯಮ್ ಕೈಮುಗಿದ. ನೀರು ಆಗಲೇ ಜಗಲಿಗೆ ಏರಿ ಭಕ್ತರ ಪಾದ ತೊಳೆಯುತ್ತಿತ್ತು. ಎಲ್ಲರೂ ಅದನ್ನು ಮರ್ಯಾದೆಯೆಂದೇ ತಿಳಿದರು.

ಅಷ್ಟರಲ್ಲಿ ಸಮಿತಿಯ ಅಧಿಕಾರಿ ವೊರಾಪೋಟ್, ದೋಣಿ ತುಂಬ ಪ್ರವಾಸಿಗರನ್ನು ಕರೆದುಕೊಂಡು ಧ್ವನಿವರ್ಧಕದ ಸಮೇತ ಬಂದ. "ನೋಡಿ, ಇದು ಬಹು ಪುರಾತನ ಕ್ಷೇತ್ರ," ಎಂದು ಸಾರಿದ. ಕ್ಷೇತ್ರಕ್ಕೆ ಆಗಿನ್ನೂ ಅರ್ಧ ದಿನದ ವಯಸ್ಸು.

ಸಂಗಿಯಮ್ ಜನರ ನಡುವೆ ನುಸುಳಿ ಅವನ ಎದುರು ನಿಂತ. "ಸ್ವಾಮೀ, ನನ್ನ ಬಿದಿರು..."

"ಮುಂದಿನ ವರ್ಷದ ಯೋಜನೇಲಿದೆ. ಮೊದಲು ಆ ಹರಕು ಬನಿಯನ್ ತೆಗಿ ಮಾರಾಯ. ಫೋಟೋದಲ್ಲಿ ಬಡತನ ಚೆನ್ನಾಗಿ ಕಾಣ್ಬೇಕು, ಹೊಟ್ಟೆಗಿಲ್ಲದ ಹಾಗೆ ಕಾಣ್ಬಾರ್ದು."

ಇನ್ನು ಜಗಳವಾಡಲು ಸಂಗಿಯಮನಲ್ಲಿ ಉಸಿರಿರಲಿಲ್ಲ. ಬನಿಯನ್ ತೆಗೆದ. ಈಗ ಇನ್ನೂ ಕೆಟ್ಟದಾಗಿ ಕಾಣುತ್ತಿದ್ದಾನೆಂದು ವೊರಾಪೋಟ್ ಅವನನ್ನು ಕಂಬದ ಹಿಂದೆ ಕೂರಿಸಿದ. ಕೂತವನಿಗೆ ಕಣ್ಣು ಎಳೆಯಿತು. ಅಷ್ಟು ಗದ್ದಲದ ನಡುವೆ, ಕಂಬಕ್ಕೊರಗಿ, ಬಾಯಿ ತೆರೆದು, ನಿದ್ದೆ ಹೋದ.

ಯಾರೋ ಭುಜ ಹಿಡಿದು ಅಲುಗಾಡಿಸಿದಾಗ ಎಚ್ಚರವಾಯಿತು. ಚವೀವನ್. ಅವಳ ಹಿಂದೆ ಇಡೀ ದಡ ಉಸಿರು ಬಿಗಿಹಿಡಿದು ನಿಂತಿತ್ತು.

"ಕನಸಲ್ಲಿ ತಾಯಿ ಬಂದ್ಲಲ್ಲಾ? ಏನಂದ್ಲು? ಬೇಗ ಹೇಳು."

ಕನಸಿನಲ್ಲಿ ಯಾರೂ ಬಂದಿರಲಿಲ್ಲ. ಆದರೆ ಸುಳ್ಳು ಹೇಳಲು ಇಷ್ಟು ದಿನ ಪುರುಸೊತ್ತೇ ಸಿಗದಿದ್ದ ಆ ಮನುಷ್ಯನಿಗೆ ತಟ್ಟನೆ ದಾರಿ ಹೊಳೆಯಿತು.

"ಬಂದ್ಲು ಅಕ್ಕಾ. ಆಚೆ ದಡದ ವಿಹಾರಕ್ಕೆ ಹೋಗ್ಬೇಕಂತೆ. ಇಲ್ಲಿ ಬಹಳ ಥಂಡಿಯಂತೆ. ಇವತ್ತೇ ಹೋಗ್ಬೇಕಂತೆ."

"ನಂಬರು?"

"ಅಲ್ಲಿ ಹೋಗಿ ಹೇಳ್ತಾಳಂತೆ."

ಅಷ್ಟು ಸಾಕಾಯಿತು. ಕ್ಷಣದಲ್ಲಿ ಹಗ್ಗ ಬಂತು, ಯಂತ್ರದ ದೋಣಿಗಳು ಬಂದವು, ಎಲ್ಲಿತ್ತೋ ಡೋಲೂ ಬಂತು. ವಿಹಾರದ ಹಿರಿಯ ಭಿಕ್ಕು ಆಚೆ ದಡದ ಮೆಟ್ಟಿಲಲ್ಲಿ ಕಾದು ನಿಂತರು. ಜನ ದೋಣಿಗಳಿಗೆ ಇಳಿದು "ಹೋ!" ಎಂದು ಎಳೆದರು. ದಿಮ್ಮಿ ಒಮ್ಮೆ ಮುಲುಗಿ, ಮನೆಯಡಿಯಿಂದ ಕಿತ್ತು ಬಂದು, ರೇಷ್ಮೆಯ ಉಡುಪು ಅಲ್ಲಾಡಿಸುತ್ತ ಹೊಳೆಗೆ ಹೊರಳಿತು. ಸಂಗಿಯಮ್ ಆ ದಿನ ಮೊದಲ ಬಾರಿಗೆ ಮನಸಾರೆ ಅದಕ್ಕೆ ಕೈಮುಗಿದ. ಹೋಗಿ ಬಾ ತಾಯಿ. ಬರಬೇಡ ತಾಯಿ.

ಮುಗಿದ ಕೈ ಇನ್ನೂ ಇಳಿದಿರಲಿಲ್ಲ, ಮನೆ ಹೊಟ್ಟೆನೋವು ಬಂದ ಮುದುಕನ ಹಾಗೆ ನರಳಿತು. ಕೊಳೆತ ಮೂಲೆ ಸರ್ರನೆ ಇಳಿಯಿತು. ಆಗಲೇ ಅವನಿಗೆ ತಿಳಿದದ್ದು: ಬೆಳಗಿನಿಂದ ಆ ದಿಮ್ಮಿ ಮನೆಯನ್ನು ಮುರಿಯುತ್ತಿರಲಿಲ್ಲ, ಹೊತ್ತು ನಿಂತಿತ್ತು. ಸಮಿತಿ ಮಾಡದ ಕೆಲಸವನ್ನು ಅದು ಅರ್ಜಿ ಕೇಳದೆ ಮಾಡಿತ್ತು. ಆ ಪುಣ್ಯಾತ್ಗಿತ್ತಿಯನ್ನು ಅವನು ಸುಳ್ಳು ಹೇಳಿ ಓಡಿಸಿದ್ದ.

ಒಲೆ ಜಾರಿತು, ಚಾಪೆ ತೇಲಿತು, ಸಂಗಿಯಮ್ ಚಾವಣಿ ಹತ್ತಿದ. ಬಲೆಗೂಡು ಹರಿದು ಮೀನುಗಳು ಒಂದರ ಹಿಂದೊಂದು ಹೊಳೆಯ ಪಾಲಾದವು.

"ಸಾಧು, ಸಾಧು," ಎಂದರು ಆಚೆ ದಡದ ಭಿಕ್ಕು. "ಇಷ್ಟೊಂದು ಜೀವಗಳನ್ನ ಬಿಡುಗಡೆ ಮಾಡಿದೀಯ. ದೊಡ್ಡ ಪುಣ್ಯ ಕಣಪ್ಪ."

ದೋಣಿಗಳೆಲ್ಲ ಗಕ್ಕನೆ ತಿರುಗಿ ಅವನತ್ತ ಧಾವಿಸಿ ಬಂದವು. ಎಷ್ಟಾದರೂ ನೆರೆಯವರು ಎಂದು ಸಂಗಿಯಮನ ಕಣ್ಣು ತುಂಬಿತು. ಅವನು ಕೈ ಚಾಚಿದ.

"ಪಕ್ಕಕ್ಕೆ ಸರಿಯೋ!" ಚವೀವನ್ ಕೂಗಿದಳು. "ನಿನ್ನ ಮನೆ ನಂಬರಿನ ಫಲಕ ಮುಳುಗ್ತಿದೆ! ತಾಯಿ ಹೇಳಿದ ನಂಬರು ಅದೇ! ಕೊನೇದು ಮೂರೋ ಎಂಟೋ? ಬೊಗಳೋ!"

ಅವನಿಗೆ ನೆನಪಾಗಲಿಲ್ಲ. ನೆನಪಾಗದ್ದಕ್ಕೆ ಬೈಸಿಕೊಂಡ. ಕಡೆಗೆ ಯಾರೋ ಅವನನ್ನು ಒದ್ದೆ ಚಾಪೆಯ ಜೊತೆಗೇ ದಡಕ್ಕೆ ಎಸೆದು ಹೋದರು.

ವೊರಾಪೋಟ್ ಮಾತ್ರ ಸುಮ್ಮನೆ ಕೂರಲಿಲ್ಲ. ಒಂದೇ ಒಂದು ಫೋನು ಮಾಡಿದ. ಹೊತ್ತು ಇಳಿಯುವ ಮೊದಲೇ ತಿರುವಿನಾಚೆಯಿಂದ ದೊಡ್ಡ ದೋಣಿಯೊಂದು ಬಂತು. ಅದರ ತುಂಬ ಹಸಿ ಬಿದಿರು. ಇನ್ನೂ ಎಲೆ ಉದುರದ, ತೋಳಿನಷ್ಟು ದಪ್ಪದ, ಸಂಗಿಯಮ್ ವರ್ಷಗಟ್ಟಲೆ ಬೇಡಿದ ಅದೇ ಬಿದಿರು. ಅವನು ಓಡಿಹೋಗಿ ಒಂದು ಗಳುವನ್ನು ಅಪ್ಪಿಕೊಂಡ.

"ದೊಡ್ಡವರು ಸ್ವಾಮೀ ನೀವು. ಮುಳುಗಿದ ಮೇಲಾದ್ರೂ..."

"ಮುಟ್ಬೇಡ, ಮುಟ್ಬೇಡ," ಎಂದ ವೊರಾಪೋಟ್. "ಇದು ತಾಯಿಗೆ. ಮುಳುಗೋ ಮನೇನ ಹೊತ್ತು ನಿಂತ ಮಹಾತಾಯಿ! ಅವಳನ್ನ ವಾಪಸ್ ಕರ್ಕೊಂಡು ಬರ್ತೀವಿ. ಪವಾಡ ನಡೆದದ್ದು ಇಲ್ಲಿ, ಇದೇ ಜಾಗದಲ್ಲಿ ಅವಳಿಗೊಂದು ತೇಲುಮನೆ. ದಿನಾ ಪ್ರವಾಸಿಗರು ಬರ್ತಾರೆ. ಸೋಡಾ ಬಾಟಲಿ ಎತ್ತೋಕೆ, ನೆಲ ಒರೆಸೋಕೆ ನಿನ್ನನ್ನೇ ಇಟ್ಕೋತೀವಿ. ಅದೃಷ್ಟವಂತ ಕಣಯ್ಯ ನೀನು."

ಸಂಗಿಯಮ್ ಬಿದಿರನ್ನು ಬಿಟ್ಟ. ಅವನಿಗೆ ಸಿಟ್ಟೂ ಬರಲಿಲ್ಲ, ಅಷ್ಟು ಸುಸ್ತು.

"ಆಗ್ಲಿ ಸ್ವಾಮೀ. ರಾತ್ರಿ ಅಲ್ಲೇ ಒಂದು ಮೂಲೇಲಿ ಬಿದ್ಕೋತೀನಿ."

ವೊರಾಪೋಟ್ ಬಾಯಿ ತೆರೆಯುವ ಮುಂಚೆಯೇ ಚವೀವನ್ ಮೂಗಿನ ಮೇಲೆ ಬೆರಳಿಟ್ಟಳು.

"ಥೂ, ನಾಚ್ಕೆ ಆಗಲ್ವೇನೋ? ಒಂಟಿ ಹೆಂಗಸಿರೋ ಮನೇಲಿ ಗಂಡಸು ಮಲಗಿದ್ರೆ ಜನ ಏನಂದ್ಕೋತಾರೆ?"