ಸುಲೋಚನಕ್ಕನ ತೂಕ ಕೇಳಿದ್ದು

ವಿಮಾನ ಹತ್ತುವವರ ತೂಕದ ಪಟ್ಟಿಯಲ್ಲಿ ಸುಲೋಚನಕ್ಕನ ಹೆಸರಿನ ಮುಂದೆ ನಾನು ಬರೆದದ್ದು ಐವತ್ತೆರಡು ಕಿಲೋ. ಪೆನ್ಸಿಲ್ಲಿನಲ್ಲಿ, ದುಂಡಗೆ, ಅಳುಕಿಲ್ಲದೆ ಬರೆದಿದ್ದೆ. ಅವರನ್ನು ತೂಗಿರಲಿಲ್ಲ, ಕೇಳಿಯೂ ಇರಲಿಲ್ಲ, ಗೌರವದಿಂದ ಊಹಿಸಿದ್ದೆ.

ಯಾರನ್ನೂ ಏನನ್ನೂ ಕೇಳದ ಸ್ವಭಾವ ನನ್ನದು. ಉಪ್ಪಲ್‌ನಲ್ಲಿ ಮೆಟ್ರೋ ಹತ್ತಿದರೆ ಪಕ್ಕದ ಅಪರಿಚಿತ ಹೆಂಗಸು ಎರಡನೇ ಸ್ಟೇಷನ್ ಬರುವ ಮೊದಲೇ ನನ್ನ ಊರು ಮೈಸೂರು, ಮದುವೆ ಇನ್ನೂ ಇಲ್ಲ ಎಂಬುದನ್ನೆಲ್ಲ ವಿಚಾರಿಸಿ ಮುಗಿಸಿರುತ್ತಾರೆ. ನಾನೋ, ಅವರು ಎಲ್ಲಿ ಇಳಿಯುತ್ತಾರೆಂದು ಕೇಳಲೂ ನಾಚಿ, ದಾರಿಗೆ ಅಡ್ಡ ನಿಂತು ಬೈಸಿಕೊಳ್ಳುತ್ತೇನೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ವಿಮಾನ ಹಾರಿಸುವುದನ್ನು ಕಲಿಯಲು ಬಂದದ್ದಕ್ಕೆ, ಆಕಾಶದಲ್ಲಿ ಜನರೊಡನೆ ಹೆಚ್ಚು ಮಾತಿರುವುದಿಲ್ಲ ಎಂಬ ನಂಬಿಕೆಯೂ ಒಂದು ಕಾರಣ.

ಅದುವರೆಗೆ ನಾಲ್ಕು ಸೀಟಿನ ಪುಟ್ಟ ವಿಮಾನದಲ್ಲಿ ನಾನೂ ನನಗೆ ಕಲಿಸುವ ಕ್ಯಾಪ್ಟನ್ ಪಾಟೀಲರೂ ಇಬ್ಬರೇ ಹಾರುತ್ತಿದ್ದೆವು. ನಾಲ್ವರು ಕೂತರೆ ಅದೇ ವಿಮಾನ ಬೇರೆಯೇ ಪ್ರಾಣಿ. ನೆಲ ಬಿಡಲು ಹೆಚ್ಚು ದೂರ ಓಡಬೇಕು, ನಿಧಾನವಾಗಿ ಏರುತ್ತದೆ, ಹಿಂದೆ ಭಾರ ಹೆಚ್ಚಾದರೆ ಮೂಗೆತ್ತುತ್ತದೆ. ಕೋಠಿಯ ಬಜಾರಿನಲ್ಲಿ ಬಟ್ಟೆಯ ಗಂಟುಗಳನ್ನು ಹಿಂದೆ ಹೇರಿಕೊಂಡ ಆಟೋದ ಮುಂದಿನ ಚಕ್ರ ಕುಣಿಯುವುದನ್ನು ಕಂಡವರಿಗೆ ಇದು ಗೊತ್ತು. ಆಟೋದವನಾದರೆ ಇಳಿದು ಗಂಟು ಸರಿಸಬಹುದು, ನಾವು ಇಳಿಯುವಂತಿಲ್ಲ. ಈ ತುಂಬಿದ ವಿಮಾನದ ಪಾಠ ಮುಗಿಸದೆ ನನ್ನ ಮುಂದಿನ ಹಾರಾಟಗಳಿಲ್ಲ.

ಹಿಂದಿನ ಸೀಟುಗಳಿಗೆ ವಿಮಾನ ಶಾಲೆಯವರೇ ಇಬ್ಬರು ಬರುವುದು ನಮ್ಮಲ್ಲಿ ರೂಢಿ. ಈ ಸಲ ಯಾದಗಿರಿಯ ಮೆಕ್ಯಾನಿಕ್ ಬಸವರಾಜಣ್ಣ ಮತ್ತು ಆಫೀಸಿನ ಸುಲೋಚನಕ್ಕ. ಕಲಬುರಗಿಯ ಅಕ್ಕ ವರ್ಷಗಟ್ಟಲೆ ಎಲ್ಲರ ಹಾರಾಟದ ವೇಳೆ ಗೊತ್ತುಮಾಡಿದವರು, ತಾವು ಒಮ್ಮೆಯೂ ಹಾರಿದವರಲ್ಲ. ಅವತ್ತು ರೇಷ್ಮೆ ಸೀರೆಯಲ್ಲಿ ಬಂದಿದ್ದರು.

ಎಲ್ಲರ ತೂಕ ಕೂಡಿಸಿ, ಎಷ್ಟು ಇಂಧನ ತುಂಬಬಹುದೆಂದು ನಾನು ಹಾಕಿದ್ದ ಲೆಕ್ಕವನ್ನು ಕ್ಯಾಪ್ಟನ್ ನೋಡಿದರು. "ಯಾರವಾ ಇಕಿ, ಐವತ್ತೆರಡು ಕಿಲೋದ ಸುಲೋಚನಾ?"

"ನಮ್ಮ ಅಕ್ಕನೇ, ಸರ್."

"ಬರದದ್ದು ಬರಾಬರ್ ಐತ್ರಿ ಸಾಹೇಬ್ರ," ಎಂದರು ಅಕ್ಕ. "ಮದುವ್ಯಾಗ ಅಷ್ಟ ಇದ್ದೆ."

"ಮದುವಿ ಆಗಿ ಭಾಳ ದಿನ ಆತಲ್ಲಕ್ಕ," ಎಂದು ಬಸವರಾಜಣ್ಣ ನಕ್ಕ.

"ನೀ ಸುಮ್ಮಕಿರೋ. ನಿನಗ ಅರವತ್ತು ಬರದಾಳ. ನಿನ್ನ ಹೊಟ್ಟಿ ಒಂದ ಅಷ್ಟು ಐತಿ!"

ಕ್ಯಾಪ್ಟನ್ ಮಾತ್ರ ನಗಲಿಲ್ಲ. "ಮಂದಿಗೆ ಮರ್ಯಾದಿ ಕೊಡವಾ, ಬ್ಯಾಡ ಅನ್ನಂಗಿಲ್ಲ. ವಿಮಾನಕ್ಕ ಖರೇ ಹೇಳು. ಇದನ್ನ ನಂಬಿ ಟ್ಯಾಂಕ್ ತುಂಬಿಸೀದಿ. ಈ ಬಿಸಿಲಾಗ ಗಾಳಿ ತೆಳ್ಳಗಿರ್ತೈತಿ, ರನ್‌ವೇ ಮುಗದ್ರೂ ನೆಲ ಬಿಡ್ತಿದ್ದಿಲ್ಲ. ನಾಳಿ ಮುಂಜಾನಿ ನೀನ ಕೇಳಿ, ನೀನ ತೂಗು. ಆಗಂಗಿಲ್ಲಂದ್ರ ಈ ಪಾಠ ಇಲ್ಲಿಗೇ ನಿಂತಂಗ."

"ಹಂಗಾರ ನನ್ನ ಕೆಳಗ ಇಳಿಸ್ತೀರೇನ್ರಿ?" ಅಕ್ಕನ ದನಿ ಸಣ್ಣಗಾಗಿತ್ತು. ಅವರ ಮನಸ್ಸು ನೋಯಬಾರದೆಂದು ಕಡಿಮೆ ಬರೆದು, ಅವರ ಮೊದಲ ಹಾರಾಟಕ್ಕೇ ಕಲ್ಲು ಹಾಕಿದ್ದೆ.

ಸಂಜೆ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. "ಅಕ್ಕ, ತಪ್ಪು ತಿಳಿಯಬೇಡಿ..." ಎಂದು ಆರಂಭಿಸಿದ ಪ್ರತಿ ವಾಕ್ಯವೂ ಸಾವಿನ ಮನೆಗೆ ಮಾತಾಡಿಸಲು ಹೋದಂತೆ ಕೇಳುತ್ತಿತ್ತು. ಬಿಟ್ಟು ಮಲಗಿದೆ.

ಮರುದಿನ ಬೆಳಿಗ್ಗೆ ಮನೆಯ ತೂಕದ ಯಂತ್ರವನ್ನು ತಬ್ಬಿಕೊಂಡು ಹೋಗಿ ವಿಮಾನ ನಿಲ್ಲಿಸುವ ಹ್ಯಾಂಗರಿನ ನೆಲದ ಮೇಲಿಟ್ಟು, ಮೊದಲು ನಾನೇ ಹತ್ತಿ ಗಟ್ಟಿಯಾಗಿ ಓದಿದೆ: ಅರವತ್ಮೂರು. ನಿನ್ನೆ ಐವತ್ತೆಂಟು ಎಂದು ಬರೆದಿದ್ದೆ. ಅದು ಶಾಲೆಗೆ ಸೇರುವಾಗಿನ ತೂಕ.

"ಅಯ್ಯ, ನಿನಗ ನೀನೂ ಮರ್ಯಾದಿ ಕೊಟ್ಕೊಂಡಿದ್ದಿ!" ಎಂದು ಅಕ್ಕ ಬಿದ್ದು ಬಿದ್ದು ನಕ್ಕರು. ಆ ನಗು ನಿಲ್ಲುವ ಮೊದಲೇ ಒಂದೇ ಉಸಿರಿನಲ್ಲಿ ಕೇಳಿಬಿಟ್ಟೆ: "ಅಕ್ಕ, ನಿಮ್ಮ ತೂಕ ಎಷ್ಟು?"

ಅಕ್ಕ ಚಪ್ಪಲಿ ಬಿಟ್ಟು, ಕೈಚೀಲ ಕೆಳಗಿಟ್ಟು ಹತ್ತಿದರು. ಚಪ್ಪಲಿಯೂ ಚೀಲವೂ ಜೊತೆಗೇ ಹಾರುತ್ತವೆ ಎಂದೆ. ಬೈದುಕೊಂಡು ಅವನ್ನೂ ಸೇರಿಸಿಕೊಂಡರು. ಆ ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ. ವಿಮಾನಕ್ಕೆ ಹೇಳಿದ್ದೇನೆ, ಸಾಕು. ಬಸವರಾಜಣ್ಣನನ್ನೂ ಕ್ಯಾಪ್ಟನ್ನರನ್ನೂ ತೂಗಿ ಲೆಕ್ಕ ಹಾಕಿದೆ. ಟ್ಯಾಂಕಿನಿಂದ ಒಂದಿಷ್ಟು ಇಂಧನ ಇಳಿಸಿದರೆ ಯಾರನ್ನೂ ಇಳಿಸಬೇಕಿರಲಿಲ್ಲ. ಉಳಿದದ್ದು ನಮ್ಮ ಸಣ್ಣ ಹಾರಾಟಕ್ಕೆ ಧಾರಾಳವಾಗಿತ್ತು. ಕ್ಯಾಪ್ಟನ್ ಲೆಕ್ಕವನ್ನು ಎರಡು ಸಲ ನೋಡಿ ಸರಿಯೆಂದು ತಲೆಯಾಡಿಸಿದರು, ಬಸವರಾಜಣ್ಣ ಇಂಧನ ಇಳಿಸಿದ.

ತಂಪು ಗಾಳಿಯಲ್ಲಿ ವಿಮಾನ ದೂರ ಓಡಿ, ಆಲೋಚಿಸಿ, ನೆಲ ಬಿಟ್ಟಿತು. ಹೆಡ್‌ಫೋನಿನಲ್ಲಿ ಅಕ್ಕನ ದನಿ: "ಏರಾಕತ್ತೇತಿ ಇಲ್ಲೋ?"

"ಏರುತ್ತಿದೆ ಅಕ್ಕ, ನಿಧಾನ."

"ನಿಧಾನ ಯಾಕ?"

"ನಾವೆಲ್ಲ ಭಾರ ಇದ್ದೇವೆ ಅಕ್ಕ," ಎಂದೆ.

ಹಿಂದಿನ ಸೀಟಿನಿಂದ ಅಕ್ಕನ ನಗು ಬಂತು. ನಾನು ವಿಮಾನದ ಮೂಗನ್ನು ತುಸು ತಗ್ಗಿಸಿ, ವೇಗ ಬಿಟ್ಟುಕೊಡದೆ, ಏರುತ್ತ ಹೋದೆ.